ಜೈವಿಕ ಇಂಜಿನಿಯರಿಂಗ್ ಶಿಕ್ಷಣದಲ್ಲಿ ನೀತಿಪಾಠ: ಒಂದು ವಿಮರ್ಶೆ

ಆಲೂರು, ಸಕಲೇಶಪುರ ಸೀಮೆಯ ಕಾಫಿ ತೋಟ, ಭತ್ತದ ಗದ್ದೆಗಳ ನಡುವಿನ ಪಾಳ್ಯದಂಥ ಊರುಗಳಿಂದ ಹಾಸನಕ್ಕೋ ಮೈಸೂರಿಗೋ ಬೆಂಗಳೂರಿಗೋ ತಾಂತ್ರಿಕ ವಿದ್ಯಾಭ್ಯಾಸಕ್ಕೆಂದು ಹೊರಡುತ್ತಿದ್ದ ತರುಣರು ಒಂದು ತಲೆಮಾರಿನ ಹಿಂದೆ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂಬ ಶಾಖೆಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಿದ್ದರು. ಕರ್ನಾಟಕ ಸರ್ಕಾರವು 2001ರಲ್ಲಿ ಜೈವಿಕ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿದ ನಂತರದ ವರ್ಷಗಳಲ್ಲಿ ಆ ಪಟ್ಟಿಗೆ ಜೈವಿಕ ತಂತ್ರಜ್ಞಾನ, ಬಯೋಮೆಡಿಕಲ್ ಇಂಜಿನಿಯರಿಂಗ್ ಮುಂತಾದ ಹೊಸ ಶಾಖೆಗಳು ಸೇರಿಕೊಂಡು, ಜೈನ ಮನೆತನಗಳ ಮಕ್ಕಳೂ ಅವುಗಳತ್ತ ಒಲಿದಿದ್ದಾರೆ. ಕಟ್ಟಡ ಕಟ್ಟುವವನ ಕೈಯಲ್ಲಿರುವುದು ಕಲ್ಲು ಮತ್ತು ಸಿಮೆಂಟು; ಯಂತ್ರ ಮಾಡುವವನ ಕೈಯಲ್ಲಿರುವುದು ಕಬ್ಬಿಣ. ಈ ಹೊಸ ವಿದ್ಯೆಯನ್ನು ಕಲಿತವನ ಕೈಯಲ್ಲಿರುವುದು ಜೀವಕೋಶ, ರಕ್ತ, ಎಲುಬು, ಬೀಜ, ಕೊನೆಗೆ ಜೀವವೇ. ಆದುದರಿಂದ ಈ ವಿದ್ಯೆಯೊಂದಿಗೆ ಯಾವ ನೀತಿಯನ್ನು, ಯಾವ ರೀತಿಯಲ್ಲಿ ಕಲಿಸಲಾಗುತ್ತಿದೆ ಎಂಬ ಪ್ರಶ್ನೆ ಶ್ರಾವಕ ಕುಟುಂಬಗಳಿಗೆ ಹೊರಗಿನದಲ್ಲ.

ಬೆಳಗಾವಿಯಲ್ಲಿ ಕೇಂದ್ರ ಕಚೇರಿಯುಳ್ಳ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 1998ರಲ್ಲಿ ಸ್ಥಾಪನೆಯಾದದ್ದು. ಅದರ ಪಠ್ಯಕ್ರಮದಲ್ಲಿ ನೀತಿಯು ಬಹುಕಾಲದಿಂದ ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇದೆ. ಮೊದಲು ಅದು ಭಾರತ ಸಂವಿಧಾನದ ಪಾಠದೊಂದಿಗೆ ಜೋಡಿಸಿದ ವೃತ್ತಿನೀತಿಯಾಗಿತ್ತು. ಇಂಜಿನಿಯರನ ಹೊಣೆಗಾರಿಕೆ, ಆ ಹೊಣೆಗಾರಿಕೆಗೆ ಬರುವ ಅಡ್ಡಿಗಳು, ಪ್ರಾಮಾಣಿಕತೆ, ಅಪಾಯ ಮತ್ತು ಸುರಕ್ಷತೆ ಎಂಬ ಅಧ್ಯಾಯಗಳು ಅದರಲ್ಲಿದ್ದವು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2018ರ ಮಾದರಿ ಪಠ್ಯಕ್ರಮದಲ್ಲಿ ಸಾರ್ವತ್ರಿಕ ಮಾನವ ಮೌಲ್ಯಗಳೆಂಬ ವಿಷಯವನ್ನು ಸೇರಿಸಿದ ತರುವಾಯ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿಯೂ ಅದು ಕಾಣಿಸಿಕೊಂಡಿತು. ಅದೇ ಪಠ್ಯಕ್ರಮದಲ್ಲಿ ಇತರ ಶಾಖೆಗಳ ವಿದ್ಯಾರ್ಥಿಗಳಿಗೂ ಇಂಜಿನಿಯರುಗಳಿಗಾಗಿ ಜೀವಶಾಸ್ತ್ರ ಎಂಬ ವಿಷಯವನ್ನು ಇಡಲಾಯಿತು. ನಾಲ್ಕನೆಯ ಸೆಮಿಸ್ಟರಿನ ಪಟ್ಟಿಯಲ್ಲಿ ಈ ಎರಡು ವಿಷಯಗಳೂ ಒಂದರ ಕೆಳಗೊಂದು ಕುಳಿತಿವೆ. ಸಾವಿರಾರು ತರುಣರು ಕಡ್ಡಾಯವಾಗಿ ಇವೆರಡನ್ನೂ ಓದುವಂತೆ ಮಾಡಿದ್ದು ಶ್ಲಾಘನೀಯವೇ ಸರಿ. ವಿಮರ್ಶೆ ಹುಟ್ಟುವುದು ಅವು ಇವೆ ಎಂಬುದರಿಂದಲ್ಲ. ಒಂದನ್ನೊಂದು ಮಾತನಾಡಿಸದೆ ಇವೆ ಎಂಬುದರಿಂದ.

ಜೀವಶಾಸ್ತ್ರದ ಪಠ್ಯದಲ್ಲಿ ಮೆದುಳನ್ನು ಕಂಪ್ಯೂಟರಿನ ಕೇಂದ್ರ ಘಟಕವೆಂದೂ ಕಣ್ಣನ್ನು ಕ್ಯಾಮೆರಾ ಎಂದೂ ಹೃದಯವನ್ನು ಪಂಪು ಎಂದೂ ಶ್ವಾಸಕೋಶವನ್ನು ಶುದ್ಧೀಕರಣ ಯಂತ್ರವೆಂದೂ ಮೂತ್ರಪಿಂಡವನ್ನು ಸೋಸುವ ಯಂತ್ರವೆಂದೂ ವಿವರಿಸುವ ಒಂದು ಭಾಗವಿದೆ. ಇಂಜಿನಿಯರಿಗೆ ದೇಹವನ್ನು ತಿಳಿಸಲು ಇದು ಸುಲಭವಾದ ದಾರಿ. ಹೃದಯದ ಕೆಲಸ ಪಂಪಿನ ಕೆಲಸವೆಂಬುದು ಸುಳ್ಳೂ ಅಲ್ಲ. ಇತ್ತ ಮೌಲ್ಯಗಳ ಪಠ್ಯವು ಮನುಷ್ಯನು ಚೇತನ ಮತ್ತು ಶರೀರ ಇವೆರಡರ ಸಹಬಾಳುವೆ ಎಂದೂ, ಶರೀರದ ಬೇಕುಗಳು ಬೇರೆ, ಚೇತನದ ಬೇಕುಗಳು ಬೇರೆ ಎಂದೂ ಹೇಳುತ್ತದೆ. ಜಗತ್ತನ್ನು ಪದಾರ್ಥ, ಸಸ್ಯ, ಪ್ರಾಣಿ, ಮನುಷ್ಯ ಎಂಬ ನಾಲ್ಕು ಸ್ತರಗಳಾಗಿ ವಿಂಗಡಿಸಿ ಅವುಗಳ ನಡುವೆ ಪರಸ್ಪರ ಪೂರಕ ಸಂಬಂಧವಿರಬೇಕೆನ್ನುತ್ತದೆ. ಜೀವ ಮತ್ತು ಪುದ್ಗಲಗಳ ಭೇದವನ್ನು ಎಳವೆಯಿಂದಲೇ ಕೇಳುತ್ತ ಬಂದ ಜೈನ ವಿದ್ಯಾರ್ಥಿಗೆ ಈ ಮಾತು ಪರಿಚಿತವೆನಿಸುತ್ತದೆ. ಆದರೆ ಸೋಮವಾರ ಮೆದುಳನ್ನು ಯಂತ್ರವೆಂದು ಓದಿ, ಬುಧವಾರ ಶರೀರಕ್ಕಿಂತ ಬೇರೆಯಾದ ಚೇತನವೊಂದಿದೆಯೆಂದು ಓದುವ ವಿದ್ಯಾರ್ಥಿಯು ಈ ಎರಡು ಮಾತುಗಳನ್ನು ಎಲ್ಲಿ ಕೂಡಿಸಬೇಕು? ಪಠ್ಯಕ್ರಮ ಅದಕ್ಕೆ ಸ್ಥಳವನ್ನೇ ಕೊಟ್ಟಿಲ್ಲ. ಇಬ್ಬರು ಅಧ್ಯಾಪಕರು, ಎರಡು ಪುಸ್ತಕ, ಎರಡು ಪರೀಕ್ಷೆ; ನಡುವೆ ಗೋಡೆ.

ಮೌಲ್ಯಗಳ ವಿಷಯಕ್ಕೆ ದೊರೆತಿರುವುದು ಒಂದು ಕ್ರೆಡಿಟ್ಟಿನ ತೂಕ. ಅದರ ಪರೀಕ್ಷೆಯಾದರೋ ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವ ಬಗೆಯದು. ಇದರ ಫಲವನ್ನು ಊಹಿಸುವುದು ಕಷ್ಟವಲ್ಲ. ಕರುಣೆಯೆಂದರೇನು ಎಂಬ ಪ್ರಶ್ನೆಗೆ ಸರಿಯಾದ ಅಕ್ಷರವನ್ನು ಗುರುತಿಸಿದವನಿಗೆ ಪೂರ್ಣ ಅಂಕ. ಕರುಣೆಯೂ ಕರ್ತವ್ಯವೂ ಎದುರುಬದುರಾಗಿ ನಿಂತಾಗ ಏನು ಮಾಡಬೇಕೆಂಬ ಪ್ರಶ್ನೆಯನ್ನು ಆ ಬಗೆಯ ಪರೀಕ್ಷೆಯಲ್ಲಿ ಕೇಳುವುದು ಬಹಳ ಕಷ್ಟ. ಏಕೆಂದರೆ ಅಂಥ ಪ್ರಶ್ನೆಯ ಬೆಲೆ ಉತ್ತರದಲ್ಲಿಲ್ಲ, ಉತ್ತರಕ್ಕೆ ಬಂದ ದಾರಿಯಲ್ಲಿದೆ. ಲೆಕ್ಕದ ಪರೀಕ್ಷೆಯಲ್ಲಿ ಹಂತಹಂತವಾಗಿ ಬಿಡಿಸಿದವನಿಗೆ ಹಂತಕ್ಕೊಂದು ಅಂಕ ಕೊಡುವ ಅಧ್ಯಾಪಕ ವರ್ಗವು ನೀತಿಯ ಪರೀಕ್ಷೆಯಲ್ಲಿ ಹಂತಗಳನ್ನು ನೋಡಲೊಲ್ಲದೆ ಕೊನೆಯ ಅಕ್ಷರವನ್ನು ಮಾತ್ರ ನೋಡುವುದು ವಿಚಿತ್ರವಾದ ವಿಪರ್ಯಾಸ.

ಜೈನಾಚಾರ್ಯರು ಈ ಅಪಾಯವನ್ನು ಬಹು ಹಿಂದೆಯೇ ಕಂಡಿದ್ದರು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರಂಭದಲ್ಲಿಯೇ ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರಗಳನ್ನು ಒಟ್ಟಿಗೆ ಹೇಳಿ, ಮಾರ್ಗವೆಂಬ ಪದವನ್ನು ಏಕವಚನದಲ್ಲಿ ಇಟ್ಟಿರುವುದರ ಔಚಿತ್ಯವನ್ನು ವ್ಯಾಖ್ಯಾನಕಾರರು ವಿಶೇಷವಾಗಿ ಎತ್ತಿ ತೋರಿಸಿದ್ದಾರೆ. ಮೂರು ದಾರಿಗಳಿಲ್ಲ, ಮೂರೂ ಕೂಡಿದ ಒಂದೇ ದಾರಿ. ಔಷಧವಿದೆಯೆಂಬ ನಂಬಿಕೆ, ಅದರ ಗುಣದ ಅರಿವು, ಅದರ ಸೇವನೆ, ಇವುಗಳಲ್ಲಿ ಒಂದು ತಪ್ಪಿದರೂ ರೋಗ ಹೋಗದು. ಪ್ರಯೋಗಶಾಲೆಯಲ್ಲಿ ಜ್ಞಾನವನ್ನೂ ಬೇರೊಂದು ಕೊಠಡಿಯಲ್ಲಿ ಚಾರಿತ್ರವನ್ನೂ ಕಲಿಸಿದರೆ ವಿದ್ಯಾರ್ಥಿಗೆ ಎರಡೂ ಅರ್ಧವಾಗಿ ದೊರೆಯುತ್ತವೆ. ಪ್ರಸ್ತುತ ಪಠ್ಯಕ್ರಮದ ಮುಖ್ಯ ದೋಷ ಇದೇ: ನೀತಿಯು ಅದರಲ್ಲಿ ಕಡಮೆಯಾಗಿದೆ ಎಂಬುದಕ್ಕಿಂತ, ವಿದ್ಯೆಯ ಕೈಗೆ ಎಟುಕದಷ್ಟು ದೂರದಲ್ಲಿದೆ.

ಈ ಮಾತನ್ನು ಹೃದಯದ ಉದಾಹರಣೆಯಿಂದಲೇ ಪರೀಕ್ಷಿಸಬಹುದು. ತಿರುವನಂತಪುರದ ಶ್ರೀ ಚಿತ್ರ ತಿರುನಾಳ್ ಸಂಸ್ಥೆಯಲ್ಲಿ, ಮುಂದೆ ಮಣಿಪಾಲದ ಉನ್ನತ ಶಿಕ್ಷಣ ಅಕಾಡೆಮಿಯ ಕುಲಪತಿಗಳಾದ ಡಾ. ಎಂ.ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ವೈದ್ಯರೂ ಇಂಜಿನಿಯರುಗಳೂ ಕೂಡಿ ದೇಶೀಯ ಹೃದಯ ಕವಾಟವೊಂದನ್ನು ರೂಪಿಸಿದರು. ಮೊದಲ ಮಾದರಿಗಳು ಪರೀಕ್ಷೆಗಳಲ್ಲಿ ಸೋತವು. ವರ್ಷಗಟ್ಟಲೆ ದುಡಿದು ಮಾಡಿದ್ದನ್ನು ಅವರು ಒಂದಾದ ಮೇಲೊಂದರಂತೆ ಕೈಬಿಟ್ಟು ಮತ್ತೆ ಮೊದಲಿನಿಂದ ತೊಡಗಿದರು. ಕೊನೆಗೆ ಗೆದ್ದ ಮಾದರಿಯನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಜೋಡಿಸಲಾಯಿತು. ಆಮದು ಕವಾಟದ ಬೆಲೆಯನ್ನು ತೆರಲಾರದ ಅನೇಕ ಬಡವರಿಗೆ ಅದರಿಂದ ಆಯುಷ್ಯ ದೊರೆಯಿತು. ಹೃದಯವನ್ನು ಪಂಪೆಂದು ಕಲಿಸುವ ತರಗತಿಯಲ್ಲಿ ಈ ಕಥೆಯನ್ನು ಹೇಳಿದರೆ, ಸೋತ ಮಾದರಿಯನ್ನು ಸೋತಿತೆಂದು ಒಪ್ಪಿಕೊಳ್ಳುವುದೇ ಇಂಜಿನಿಯರನ ಸತ್ಯವ್ರತ ಎಂಬುದು ಬೇರೆ ಉಪದೇಶವಿಲ್ಲದೆ ಮನಸ್ಸಿಗೆ ನಾಟುತ್ತದೆ.

ಆದರೆ ಕಥೆ ಅಲ್ಲಿಗೆ ಮುಗಿಯಬಾರದು. ಆ ಕವಾಟವನ್ನು ಮನುಷ್ಯರಿಗೆ ಜೋಡಿಸುವ ಮೊದಲು ಕುರಿಗಳಲ್ಲಿ ಪರೀಕ್ಷಿಸಲಾಗಿತ್ತು. ಆ ಮೂಕಪ್ರಾಣಿಗಳ ಪಾಲು ಎಷ್ಟು ಪಾಠಗಳಲ್ಲಿ ಹೇಳಲ್ಪಡುತ್ತದೆ? ಯಾಂತ್ರಿಕ ಕವಾಟವನ್ನು ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಜೀವನಪರ್ಯಂತ ಮಾತ್ರೆ ಸೇವಿಸಬೇಕು. ಅದು ಬೇಡವೆಂದರೆ ಹಂದಿಯ ಕವಾಟದಿಂದಲೋ ದನದ ಹೃದಯದ ಹೊರಪೊರೆಯಿಂದಲೋ ಮಾಡಿದ ಕವಾಟವುಂಟು. ಹೃದಯದ ಶಸ್ತ್ರಚಿಕಿತ್ಸೆಯ ವೇಳೆ ರಕ್ತಕ್ಕೆ ಸೇರಿಸುವ ಹೆಪಾರಿನ್ ಎಂಬ ಔಷಧವನ್ನು ಬಹುಮಟ್ಟಿಗೆ ಹಂದಿಯ ಕರುಳಿನ ಒಳಪದರದಿಂದ ತೆಗೆಯಲಾಗುತ್ತದೆ. ಕಂದಮೂಲವನ್ನೂ ವರ್ಜಿಸಿ ಎಪ್ಪತ್ತು ವರ್ಷ ಬಾಳಿದ ಹಿರಿಯರೊಬ್ಬರು ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿರುವಾಗ, ಯಾವ ಕವಾಟ ಬೇಕು ಎಂದು ವೈದ್ಯರು ಕೇಳಿದರೆ ಮಕ್ಕಳು ಏನೆಂದು ಉತ್ತರಿಸಬೇಕು? ಬದುಕಿಸುವುದು ಧರ್ಮವೋ, ವ್ರತವನ್ನು ಉಳಿಸುವುದು ಧರ್ಮವೋ? ಮನೆಮಂದಿಗೆ ಒಂದು ಗಂಟೆಯೊಳಗೆ ಬರುವ ಈ ಪ್ರಶ್ನೆ, ಆ ಕವಾಟವನ್ನು ರೂಪಿಸುವ ಇಂಜಿನಿಯರಿಗೆ ವರ್ಷಗಳ ಮುಂಚೆಯೇ ಬರಬೇಕಾಗಿತ್ತು. ಪ್ರಾಣಿಜನ್ಯವಲ್ಲದ ಪದಾರ್ಥವನ್ನು ಹುಡುಕುವ ಶಕ್ತಿ ಇರುವುದು ಅವನಿಗೆ. ರೋಗಿಗಲ್ಲ, ವೈದ್ಯನಿಗೂ ಅಲ್ಲ.

ಹೊಸ ವಿದ್ಯೆಯನ್ನು ಹಿಂಸೆಯ ವಿದ್ಯೆಯೆಂದು ತಳ್ಳಿಬಿಡುವ ಪ್ರವೃತ್ತಿಯೂ ಸಮಾಜದಲ್ಲಿ ಉಂಟು. ಅದು ಅವಿಚಾರ. 1921ರಲ್ಲಿ ಇನ್ಸುಲಿನ್ ಕಂಡುಹಿಡಿಯಲ್ಪಟ್ಟ ಬಳಿಕ ಅನೇಕ ದಶಕಗಳವರೆಗೆ ಮಧುಮೇಹಿಗಳು ಬದುಕಿದ್ದು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಔಷಧದಿಂದ. 1982ರಲ್ಲಿ ಅಮೆರಿಕದಲ್ಲಿ ಬ್ಯಾಕ್ಟೀರಿಯಾದಿಂದ ತಯಾರಿಸಿದ ಮಾನವ ಇನ್ಸುಲಿನ್ನಿಗೆ ಅನುಮತಿ ದೊರೆಯಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಒಂದು ಬಗೆಯ ಯೀಸ್ಟಿನಿಂದ ಅದನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು. ವಂಶವಾಹಿಯನ್ನು ಮುಟ್ಟುವ ವಿದ್ಯೆಯೇ ಪಂಚೇಂದ್ರಿಯ ಪ್ರಾಣಿಯ ವಧೆಯನ್ನು ತಪ್ಪಿಸಿ, ಅದರ ಸ್ಥಾನದಲ್ಲಿ ಏಕೇಂದ್ರಿಯವೆಂದು ಎಣಿಸಬಹುದಾದ ಸೂಕ್ಷ್ಮಜೀವಿಯನ್ನು ತಂದಿರಿಸಿತು. ಜೈನ ದೃಷ್ಟಿಯಿಂದ ನೋಡಿದರೆ ಇದು ಪೂರ್ಣ ಅಹಿಂಸೆಯಲ್ಲ, ಆದರೆ ಹಿಂಸೆಯ ಅಲ್ಪೀಕರಣ. ಗೃಹಸ್ಥನಿಗೆ ಅಣುವ್ರತವನ್ನು ವಿಧಿಸಿದ ಆಚಾರ್ಯರ ವಿವೇಕವೂ ಇದೇ ಜಾಡಿನದು.

ಪ್ರಾಣಿಗಳ ಕುರಿತಾದ ಕಾನೂನನ್ನು ವಿದ್ಯಾರ್ಥಿಗಳಿಗೆ ಕಲಿಸುವುದುಂಟು; ಆದರೆ ಅದನ್ನು ವಿಚಾರಮಾಡಲು ಕಲಿಸುವುದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಹದಿನೇಳನೆಯ ಕಲಮು, ಸಾಧ್ಯವಿರುವಲ್ಲೆಲ್ಲ ಪ್ರಾಣಿಪ್ರಯೋಗವನ್ನು ತಪ್ಪಿಸಬೇಕೆಂದೂ, ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಕಲಿಸಬಹುದಾದುದಕ್ಕೆ ಪ್ರಾಣಿಯನ್ನು ಬಳಸಬಾರದೆಂದೂ ಹೇಳುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2011ರಲ್ಲಿ ಜೀವಶಾಸ್ತ್ರದ ತರಗತಿಗಳಲ್ಲಿ ಅಂಗಚ್ಛೇದನವನ್ನು ಹಂತಹಂತವಾಗಿ ಕೈಬಿಡಲು ಸೂಚಿಸಿ, 2014ರಲ್ಲಿ ಅದನ್ನು ಪೂರ್ಣವಾಗಿ ನಿಲ್ಲಿಸಲು ಹೇಳಿತು. ಕಪ್ಪೆ ಉಳಿಯಿತು, ಸಂತೋಷ. ಆದರೆ ಕಪ್ಪೆಯನ್ನು ಏಕೆ ಉಳಿಸಬೇಕೆಂಬ ಪ್ರಶ್ನೆ ಕಪ್ಪೆಯೊಡನೆಯೇ ತರಗತಿಯಿಂದ ಹೊರಟುಹೋಯಿತು. ಅದೇ ಕಾಯಿದೆಯ ಕಲಮಿನಲ್ಲಿ ಇನ್ನೊಂದು ಮಾತಿದೆ: ಗಿನಿಯಿಲಿ, ಮೊಲ, ಕಪ್ಪೆ, ಇಲಿಗಳಂಥ ಸಣ್ಣ ಪ್ರಾಣಿಗಳಿಂದ ಅದೇ ಫಲ ದೊರೆಯುವುದಾದರೆ ದೊಡ್ಡ ಪ್ರಾಣಿಗಳನ್ನು ಬಳಸಬಾರದು. ಇಲ್ಲಿ ಕಾನೂನು ಜೀವವನ್ನು ಗಾತ್ರದಿಂದ ಅಳೆದಿದೆ. ಜೈನ ಶಾಸ್ತ್ರ ಜೀವವನ್ನು ಅಳೆಯುವುದು ಇಂದ್ರಿಯಗಳಿಂದ. ಇಲಿಯೂ ಪಂಚೇಂದ್ರಿಯವೇ, ಎತ್ತೂ ಪಂಚೇಂದ್ರಿಯವೇ. ಈ ಎರಡು ಅಳತೆಗಳಲ್ಲಿ ಯಾವುದು ಯುಕ್ತ, ಎರಡಕ್ಕೂ ಹೊರತಾದ ಮೂರನೆಯ ಅಳತೆಯುಂಟೆ, ನೋವನ್ನು ಅನುಭವಿಸುವ ಶಕ್ತಿಯನ್ನು ಹೇಗೆ ತಿಳಿಯಬೇಕು ಎಂಬ ಚರ್ಚೆ ನಡೆದರೆ, ಜೈನನಲ್ಲದ ವಿದ್ಯಾರ್ಥಿಯೂ ಅದರಿಂದ ಲಾಭವನ್ನೇ ಪಡೆಯುತ್ತಾನೆ.

ತಾನು ಪ್ರಾಣಿಯನ್ನು ಮುಟ್ಟಿಲ್ಲ, ಗಾಜಿನ ತಟ್ಟೆಯಲ್ಲಿ ಜೀವಕೋಶಗಳನ್ನು ಬೆಳೆಸುವುದಷ್ಟೇ ತನ್ನ ಕೆಲಸ ಎಂದುಕೊಳ್ಳುವ ವಿದ್ಯಾರ್ಥಿಯ ನೆಮ್ಮದಿಯನ್ನೂ ಪರೀಕ್ಷಿಸಬೇಕಾಗುತ್ತದೆ. ಆ ಕೋಶಗಳಿಗೆ ಆಹಾರವಾಗಿ ಸಾಮಾನ್ಯವಾಗಿ ಬಳಸುವ ದ್ರವವನ್ನು ಕಸಾಯಿಖಾನೆಯಲ್ಲಿ ವಧೆಯಾದ ಗಬ್ಬದ ಹಸುವಿನ ಹೊಟ್ಟೆಯಲ್ಲಿದ್ದ ಕರುವಿನ ರಕ್ತದಿಂದ ತೆಗೆಯುತ್ತಾರೆ. ಸೀಸೆಯ ಮೇಲಿನ ಚೀಟಿಯಲ್ಲಿ ಅದು ಬರೆದೇ ಇರುತ್ತದೆ, ಓದಿಸುವವರಿಲ್ಲ. ಅದಿಲ್ಲದ ಆಹಾರದ್ರವಗಳೂ ತಯಾರಾಗಿವೆ; ಕೇಳುವವರು ಕಡಮೆ. ಕೃತ, ಕಾರಿತ, ಅನುಮೋದಿತ ಎಂಬ ವಿಭಾಗ ಜೈನರಿಗೆ ಹೊಸದಲ್ಲ. ತಾನು ಮಾಡದಿದ್ದರೂ ಮಾಡಿಸಿದರೆ, ಮಾಡಿಸದಿದ್ದರೂ ಒಪ್ಪಿದರೆ, ಹೊಣೆ ತಪ್ಪುವುದಿಲ್ಲವೆಂಬ ಈ ಸೂಕ್ಷ್ಮ ಲೆಕ್ಕವು ಪ್ರಯೋಗಶಾಲೆಯ ಖರೀದಿ ಪಟ್ಟಿಗೆ ಅನ್ವಯಿಸಿದಷ್ಟು ಸೊಗಸಾಗಿ ಬೇರೆಲ್ಲಿಯೂ ಅನ್ವಯಿಸಲಾರದು.

ಹಾಗಾದರೆ ಪ್ರಯೋಗಶಾಲೆಯ ಹಿಂಸೆ ಯಾವ ವರ್ಗಕ್ಕೆ ಸೇರುತ್ತದೆ? ಶ್ರಾವಕಾಚಾರದಲ್ಲಿ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಸಂಕಲ್ಪೀ ಹಿಂಸೆಯನ್ನು ಗೃಹಸ್ಥನಿಗೆ ಸರ್ವಥಾ ನಿಷೇಧಿಸುವುದು ರೂಢಿ. ಗೊತ್ತಿರುವ ಫಲವನ್ನೇ ಮತ್ತೊಮ್ಮೆ ತೋರಿಸಲೆಂದು ಮಾಡುವ ಪ್ರಾಣಿಪ್ರಯೋಗ ಸಂಕಲ್ಪೀ ಹಿಂಸೆಯೆಂಬುದರಲ್ಲಿ ಸಂದೇಹವಿರಲಾರದು. ಮನುಷ್ಯರ ಪ್ರಾಣ ಉಳಿಸುವ ಉಪಕರಣವೊಂದಕ್ಕೆ ಬೇರಾವ ಪರೀಕ್ಷೆಯೂ ಸಾಲದೆ, ಕಾನೂನಿನ ಒತ್ತಾಯದಿಂದ ಮಾಡುವ ಪ್ರಯೋಗವನ್ನು ಉದ್ಯೋಗೀ ಹಿಂಸೆಯೆಂದು ಕೆಲವರು ವಾದಿಸಬಹುದು. ಪ್ರಾಣಿಯನ್ನು ಆರಿಸಿ, ದಿನವನ್ನು ಗೊತ್ತುಮಾಡಿ ಮಾಡುವುದು ಸಂಕಲ್ಪವಲ್ಲದೆ ಮತ್ತೇನು ಎಂದು ಇನ್ನು ಕೆಲವರು ಕೇಳಬಹುದು. ಎರಡೂ ಪಕ್ಷಗಳಲ್ಲಿ ಸತ್ಯಾಂಶವಿದೆ. ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂಬ ಆಚಾರ್ಯರ ನಿರ್ಣಯ ಇಲ್ಲಿ ದಾರಿ ತೋರುತ್ತದೆ. ಪರ್ಯಾಯವನ್ನು ಹುಡುಕದೆ, ಸಂಖ್ಯೆಯನ್ನು ಲೆಕ್ಕಿಸದೆ, ನೋವನ್ನು ತಗ್ಗಿಸದೆ ಮಾಡಿದ ಪ್ರಯೋಗ ಪ್ರಮಾದದ್ದು. ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಆಂಗ್ಲ ವಿಜ್ಞಾನಿಗಳು 1959ರಲ್ಲಿ ಪ್ರಾಣಿಯ ಬದಲು ಬೇರೆಯದನ್ನು ಬಳಸುವುದು, ಸಂಖ್ಯೆಯನ್ನು ಇಳಿಸುವುದು, ವಿಧಾನವನ್ನು ಮೃದುಗೊಳಿಸುವುದು ಎಂಬ ಮೂರು ಸೂತ್ರಗಳನ್ನು ಪ್ರತಿಪಾದಿಸಿದರು. ಅವು ಅಪ್ರಮಾದಕ್ಕೆ ವಿಜ್ಞಾನದ ಭಾಷೆಯಲ್ಲಿ ಕೊಟ್ಟ ರೂಪವೆನ್ನಬಹುದು. 2023ರಲ್ಲಿ ಭಾರತ ಸರ್ಕಾರವು ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿ ತಂದು, ಪ್ರಾಣಿಪ್ರಯೋಗದ ಬದಲಿಗೆ ಸಣ್ಣ ಫಲಕದ ಮೇಲೆ ಅಂಗದ ಕೋಶಗಳನ್ನು ಬೆಳೆಸಿ ಪರೀಕ್ಷಿಸುವಂಥ ವಿಧಾನಗಳಿಗೂ ಅವಕಾಶ ಕಲ್ಪಿಸಿತು. ಆ ಫಲಕಗಳನ್ನು ತಯಾರಿಸುವವರು ಜೈವಿಕ ಇಂಜಿನಿಯರುಗಳೇ. ಅಭಯದಾನದ ಇಂಥ ಅವಕಾಶ ಬೇರೆ ವೃತ್ತಿಗಳಿಗೆ ಅಪರೂಪ.

ಉದಾಹರಣೆಗಾಗಿ ತಿರುವನಂತಪುರಕ್ಕೋ ಇಂಗ್ಲೆಂಡಿಗೋ ಹೋಗಬೇಕಾದುದಿಲ್ಲ; ಪಾಳ್ಯದ ಮಕ್ಕಳಿಗೆ ಮನೆಯ ಹಿತ್ತಿಲಲ್ಲಿಯೇ ಒಂದು ಪಾಠವಿದೆ. ಆಲೂರು ಸಕಲೇಶಪುರ ಬೆಟ್ಟಗಳಲ್ಲಿ ಕಾಡಾನೆ ಮತ್ತು ಮನುಷ್ಯರ ಸಂಘರ್ಷ ದಶಕಗಳಷ್ಟು ಹಳೆಯದು. ಬೆಳಗಿನ ಮಂಜಿನಲ್ಲಿ ತೋಟಕ್ಕೆ ಹೊರಟ ಕೂಲಿಕಾರರು ಆನೆಗೆ ಎದುರಾಗಿ ಸತ್ತದ್ದುಂಟು. ಗದ್ದೆಗಿಳಿದ ಆನೆಗಳು ವಿದ್ಯುತ್ತಿಗೆ ಬಲಿಯಾದದ್ದೂ ಉಂಟು. ಆನೆಯ ಕೊರಳಿಗೆ ರೇಡಿಯೋ ಕಾಲರ್ ತೊಡಿಸಿ, ಅದು ಇರುವ ಜಾಗವನ್ನು ಜನರಿಗೆ ಮುಂದಾಗಿ ತಿಳಿಸುವ ವ್ಯವಸ್ಥೆ ಅನೇಕರ ಪ್ರಾಣ ಉಳಿಸಬಲ್ಲದು. ಆದರೆ ಕಾಲರ್ ತೊಡಿಸಬೇಕಾದರೆ ಆನೆಯನ್ನು ಬೆನ್ನಟ್ಟಿ, ಅರಿವಳಿಕೆ ಕೊಟ್ಟು ಕೆಡವಬೇಕು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಗಳನ್ನು ಹಿಡಿದು ಕಾಲರ್ ತೊಡಿಸುವ ಕಾರ್ಯಾಚರಣೆಯಲ್ಲಿದ್ದಾಗ, ಮೈಸೂರು ದಸರೆಯಲ್ಲಿ ಎಂಟು ವರ್ಷ ಅಂಬಾರಿ ಹೊತ್ತಿದ್ದ ಅರ್ಜುನನೆಂಬ ಸಾಕಾನೆ ಕಾಡಾನೆಯೊಡನೆ ಕಾದಾಡಿ ಮಡಿಯಿತು. ನಾಡೆಲ್ಲ ಕಣ್ಣೀರಿಟ್ಟಿತು. ಕಾಲರನ್ನು ರೂಪಿಸುವ ವಿದ್ಯಾರ್ಥಿಗೆ ಬ್ಯಾಟರಿಯ ಆಯುಷ್ಯವೆಷ್ಟು, ಸಂಕೇತ ಎಷ್ಟು ದೂರ ಹೋಗುತ್ತದೆ ಎಂಬ ಪ್ರಶ್ನೆಗಳನ್ನು ಕೇಳಲಾಗುತ್ತದೆ. ಬ್ಯಾಟರಿ ಎರಡು ವರ್ಷ ಹೆಚ್ಚು ಬಾಳಿದರೆ ಆನೆಯನ್ನು ಕೆಡವುವ ಸರದಿ ಒಂದು ತಪ್ಪುತ್ತದೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿದರೆ, ಬ್ಯಾಟರಿಯ ಲೆಕ್ಕವೇ ದಯೆಯ ಲೆಕ್ಕವಾಗುತ್ತದೆ. ನೀತಿಯು ಪಾಠದ ಒಳಗಿರಬೇಕೆಂಬುದರ ಅರ್ಥ ಇಷ್ಟೇ.

ಅಹಿಂಸೆಯೊಂದೇ ಅಲ್ಲ, ಉಳಿದ ವ್ರತಗಳಿಗೂ ಈ ವಿದ್ಯೆಯಲ್ಲಿ ಕೆಲಸವಿದೆ. ಕುಲಾಂತರಿ ಬದನೆಯ ತಯಾರಿಕೆಯಲ್ಲಿ ಕರ್ನಾಟಕದ ಸ್ಥಳೀಯ ಬದನೆ ತಳಿಗಳನ್ನು 2002ರ ಜೀವವೈವಿಧ್ಯ ಕಾಯಿದೆಯಂತೆ ಪೂರ್ವಾನುಮತಿ ಪಡೆಯದೆ ಬಳಸಲಾಯಿತೆಂಬ ದೂರು 2010ರಲ್ಲಿ ರಾಜ್ಯದ ಜೀವವೈವಿಧ್ಯ ಮಂಡಳಿಯ ಮುಂದೆ ಬಂದು, 2012ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಆ ವ್ಯಾಜ್ಯದಲ್ಲಿ ಯಾರ ಪಕ್ಷ ಸರಿಯೆಂಬುದು ಇಲ್ಲಿನ ವಿಚಾರವಲ್ಲ. ತಲೆತಲಾಂತರದಿಂದ ರೈತರು ಕಾಯ್ದುಕೊಂಡು ಬಂದ ಬೀಜ ಯಾರದು, ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ವಿಜ್ಞಾನದಲ್ಲಿಯೂ ಅದತ್ತಾದಾನವೆನಿಸುತ್ತದೆಯೆ ಎಂಬುದು ಅಸ್ತೇಯದ ಪ್ರಶ್ನೆ. ಇನ್ನೊಂದೆಡೆ ಜೈಪುರದ ಕೃತಕ ಕಾಲು ಇದೆ. ಹೆಚ್ಚು ಓದಿರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆ ವೈದ್ಯ ಡಾ. ಪಿ.ಕೆ. ಸೇಠಿ ಕೂಡಿ 1968ರ ಸುಮಾರಿಗೆ ರೂಪಿಸಿದ ಆ ಕಾಲನ್ನು ತೊಟ್ಟು ಬರಿಗಾಲಿನಲ್ಲಿ ನಡೆಯಬಹುದು, ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂರಬಹುದು, ಕೆಸರುಗದ್ದೆಗೂ ಇಳಿಯಬಹುದು. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಅವಧಿಯಲ್ಲಿ, 1975ರಲ್ಲಿ, ಡಿ.ಆರ್. ಮೆಹತಾ ಅವರು ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯು ಅದನ್ನು ಬಡವರಿಗೆ ಉಚಿತವಾಗಿ ತೊಡಿಸುತ್ತ ಬಂದಿದೆ. ಬಡವನು ಹೇಗೆ ಕೂರುತ್ತಾನೆ, ಹೇಗೆ ನಡೆಯುತ್ತಾನೆ ಎಂದು ನೋಡಿ ಉಪಕರಣವನ್ನು ರೂಪಿಸುವುದು ಅನುಕಂಪೆ. ಅದರಿಂದ ಹಣ ಗಳಿಸದೆ ಹಂಚುವುದು ಅಪರಿಗ್ರಹ. ಜೈನ ಸಂಸ್ಥೆಗಳು ಏರ್ಪಡಿಸುವ ಕೃತಕ ಕಾಲು ಶಿಬಿರಗಳ ವರದಿಗಳಲ್ಲಿ ದಾನಿಗಳ ಹೆಸರು ಇರುತ್ತದೆ, ಫಲಾನುಭವಿಗಳ ಸಂಖ್ಯೆ ಇರ���ತ್ತದೆ. ಆ ಕಾಲಿನ ಹಿಂದಿನ ಈ ವಿಚಾರ ಮಾತ್ರ ವಿರಳವಾಗಿ ಕಾಣುತ್ತದೆ.

ನೀತಿಯನ್ನು ಮನೆಯಲ್ಲಿ, ಬಸದಿಯಲ್ಲಿ ಕಲಿಯಬೇಕು, ಕಾಲೇಜು ವಿದ್ಯೆಯನ್ನಷ್ಟೇ ಕಲಿಸಲಿ ಎಂಬ ವಾದವುಂಟು. ಮನೆಯವರಿಗೆ ಸೀಸೆಯಲ್ಲಿರುವ ದ್ರವ ಯಾವುದೆಂದು ತಿಳಿಯದು. ಬಸದಿಯ ಪಾಠಶಾಲೆಗೂ ತಿಳಿಯದು. ತಿಳಿದವನೇ ಹೇಳಬೇಕು. ಕಾನೂನೂ ಸಂಸ್ಥೆಯ ನೀತಿ ಸಮಿತಿಯೂ ಇರುವಾಗ ವಿದ್ಯಾರ್ಥಿಗೆ ಬೇರೆ ಚಿಂತೆಯೇಕೆ ಎಂಬುದು ಎರಡನೆಯ ವಾದ. ಕಾನೂನು ಮಾಡಬಾರದ್ದರ ಗಡಿಯನ್ನು ಹಾಕುತ್ತದೆ. ಗಡಿಯ ಒಳಗೆ ಹೇಗೆ ನಡೆಯಬೇಕೆಂಬುದು ನಡೆಯುವವನ ವಿವೇಕಕ್ಕೆ ಸೇರಿದ್ದು. ತೆರಿಗೆಯ ಕಾನೂನನ್ನು ಮೀರದ ವ್ಯಾಪಾರಿಯೆಲ್ಲ ಸತ್ಯವಂತನಾಗಿರಬೇಕೆಂದಿಲ್ಲವೆಂಬುದು ಅಂಗಡಿ ಬೀದಿಯಲ್ಲಿ ಎಲ್ಲರಿಗೂ ಗೊತ್ತಿದೆ. ಪಠ್ಯದಲ್ಲಿ ಇನ್ನೊಂದು ವಿಷಯಕ್ಕೆ ಸ್ಥಳವಿಲ್ಲವೆಂಬುದು ಮೂರನೆಯ ವಾದ. ಇನ್ನೊಂದು ವಿಷಯ ಬೇಕಾಗಿಯೇ ಇಲ್ಲ. ಪಂಪಿನ ಪಾಠದ ಕೊನೆಯಲ್ಲಿ ಹದಿನೈದು ನಿಮಿಷ, ಪ್ರಯೋಗದ ದಾಖಲೆ ಪುಸ್ತಕದಲ್ಲಿ ಯಾವ ಜೀವಿಗೆ ಎಷ್ಟು ನೋವಾಯಿತು, ಅದನ್ನು ತಪ್ಪಿಸಬಹುದಿತ್ತೆ ಎಂದು ಬರೆಯಲು ಒಂದು ಪುಟ, ಪರೀಕ್ಷೆಯಲ್ಲಿ ಕಾರಣಸಹಿತವಾಗಿ ಉತ್ತರಿಸಬೇಕಾದ ಒಂದು ಪ್ರಶ್ನೆ, ಇಷ್ಟು ಸಾಕು. ಆ ಒಂದು ಪುಟ ಶ್ರಾವಕನ ಪ್ರತಿಕ್ರಮಣಕ್ಕೆ ಸಮೀಪವಾದದ್ದು: ನಡೆದದ್ದನ್ನು ಮುಚ್ಚಿಡದೆ ನೆನೆಯುವುದು, ಮುಂದೆ ಕಡಮೆ ಮಾಡುವೆನೆಂದು ನಿಶ್ಚಯಿಸುವುದು.

ವಿಶ್ವವಿದ್ಯಾಲಯದ ಪಠ್ಯವನ್ನು ತೂಗಿದ ತಕ್ಕಡಿಯಲ್ಲಿ ಸಮಾಜದ ಪಾಠವನ್ನೂ ತೂಗದಿದ್ದರೆ ಅದು ನ್ಯಾಯವಾಗದು. ಬಸದಿಗಳ ಪಾಠಶಾಲೆಯಲ್ಲಿ ಮಕ್ಕಳು ಐದು ವ್ರತಗಳ, ನಾಲ್ಕು ಕಷಾಯಗಳ ಹೆಸರನ್ನು ತಪ್ಪಿಲ್ಲದೆ ಒಪ್ಪಿಸಿ ಬಹುಮಾನ ಪಡೆಯುತ್ತಾರೆ. ಇದೂ ಕೊನೆಯ ಅಕ್ಷರವನ್ನು ಗುರುತಿಸುವ ಪರೀಕ್ಷೆಯೇ ಅಲ್ಲವೆ? ಪೂಜೆಯ ಹೊತ್ತಿಗೆ ಉಡುವ ರೇಷ್ಮೆಗಾಗಿ ಗೂಡಿನೊಳಗಿನ ಹುಳುಗಳು ಬಿಸಿನೀರಿನಲ್ಲಿ ಸಾಯುತ್ತವೆಂದು ಮಗುವೊಂದು ಕೇಳಿದರೆ ಸುಮ್ಮನಿರಿಸುವ ಹಿರಿಯರಿದ್ದಾರೆ. ಬಿಳಿ ಕಾಂಡಕೊರಕ ಹತ್ತಿದ ಅರೇಬಿಕಾ ಗಿಡವನ್ನು ಕಿತ್ತು ಸುಡುವುದನ್ನು ತೋಟದ ಮನೆಯ ಮಕ್ಕಳು ನೋಡುತ್ತಲೇ ಬೆಳೆಯುತ್ತಾರೆ. ಅದು ಉದ್ಯೋಗೀ ಹಿಂಸೆಯೆಂದು, ಅದನ್ನು ಎಚ್ಚರದಿಂದ ಕಡಮೆ ಮಾಡಬೇಕೆಂದು ಅವರಿಗೆ ಯಾರು ಹೇಳುತ್ತಾರೆ? ಮನೆಯಲ್ಲಿ ಪ್ರಶ್ನೆಯನ್ನು ಅದುಮಿಟ್ಟು ಬೆಳೆಸಿದ ಮಗ ಪ್ರಯೋಗಶಾಲೆಯಲ್ಲಿ ಪ್ರಶ್ನೆ ಕೇಳಲೆಂದು ಬಯಸುವುದು ಬಿತ್ತದ ಹೊಲದಲ್ಲಿ ಬೆಳೆ ನೋಡಿದಂತೆ.

ಬಸದಿಗಳ ಆಡಳಿತ ಮಂಡಳಿಗಳೂ ವಿದ್ಯಾದಾನ ನಿಧಿಗಳೂ ಈ ಕಾರ್ಯದಲ್ಲಿ ಸುಮ್ಮನಿರಬೇಕಾದುದಿಲ್ಲ. ವಿದ್ಯಾರ್ಥಿವೇತನ ಪಡೆಯುವ ತರುಣ ತರುಣಿಯರನ್ನು ವರ್ಷಕ್ಕೊಮ್ಮೆ ಕರೆಸಿ ಶಾಲು ಹೊದಿಸಿ ಕಳುಹಿಸುವ ಬದಲು, ತಮ್ಮ ವಿದ್ಯೆಯಲ್ಲಿ ಎದುರಾದ ಒಂದು ಧರ್ಮಸಂಕಟವನ್ನು ಸ್ವಾಧ್ಯಾಯ ಗೋಷ್ಠಿಯ ಮುಂದೆ ಇಡುವಂತೆ ಕೇಳಬಹುದು. ಪಂಡಿತರಿಗೆ ಹೊಸ ವಿದ್ಯೆಯ ವಾಸ್ತವ ತಿಳಿಯುತ್ತದೆ, ವಿದ್ಯಾರ್ಥಿಗೆ ಹಳೆಯ ಶಾಸ್ತ್ರದ ಸೂಕ್ಷ್ಮ ತಿಳಿಯುತ್ತದೆ. ಅನೇಕಾಂತವನ್ನು ಹೊಗಳುವುದಕ್ಕಿಂತ ಅದನ್ನು ಬಳಸಲು ಇದು ಒಳ್ಳೆಯ ಎಡೆ. ಸಮಾಜದ ದಾನದಿಂದ ನಡೆಯುವ ಆಸ್ಪತ್ರೆ, ಕಾಲೇಜುಗಳಲ್ಲಿ ಬಳಸುವ ಪದಾರ್ಥಗಳಿಗೆ ಪ್ರಾಣಿಜನ್ಯವಲ್ಲದ ಪರ್ಯಾಯವಿದೆಯೆ ಎಂದು ಆಡಳಿತ ಮಂಡಳಿ ಒಮ್ಮೆ ವಿಚಾರಿಸಿದರೂ ಅದು ಒಂದು ಕಲ್ಲುಹಾಸನ್ನು ಹಾಕಿಸಿದ್ದಕ್ಕಿಂತ ಕಡಮೆ ಪುಣ್ಯವಲ್ಲ.

ಕಡೆಯದಾಗಿ ಒಂದು ಮಾತು. ಹೃದಯ ಪಂಪು ಹೌದು. ಯಂತ್ರವೆಂದು ತಿಳಿಯದವನು ಅದನ್ನು ದುರಸ್ತಿ ಮಾಡಲಾರ. ಯಂತ್ರವೆಂದು ಮಾತ್ರ ತಿಳಿದವನು ಅದು ಯಾರ ಎದೆಯಲ್ಲಿ ಬಡಿಯುತ್ತಿದೆಯೆಂದು ಕೇಳಲಾರ. ಎರಡನ್ನೂ ಒಂದೇ ತರಗತಿಯಲ್ಲಿ, ಒಬ್ಬನೇ ಗುರುವಿನಿಂದ ಕಲಿತು ಬಂದ ತರುಣನೊಬ್ಬ ಮುಂದೊಂದು ದಿನ ಹಾಸಿಗೆಯ ಮೇಲಿರುವ ವ್ರತಿಕರಿಗೆ ಯಾವ ಪ್ರಾಣಿಯ ಋಣವೂ ಇಲ್ಲದ ಕವಾಟವೊಂದನ್ನು ತಂದುಕೊಟ್ಟಾನು. ಅಂಥ ತರುಣನನ್ನು ತಯಾರು ಮಾಡುವ ಹೊಣೆ ವಿಶ್ವವಿದ್ಯಾಲಯದ್ದೆಷ್ಟೋ ಸಮಾಜದ್ದೂ ಅಷ್ಟೇ.